ಒಡಪಿನ್ಯಾಗ ಕಲ್ತ ರಾಜ್ಯಶಾಸ್ತ್ರ

ನಮ್ಮವರ ಹೆಸರು ಕೇಳಬ್ಯಾಡ್ರಿ, ನಾ ಹೇಳೂದಿಲ್ಲ. ಈಗಿನ ಹುಡುಗ್ಯಾರು ಗಂಡನ ಹೆಸರು ಹಿಡದು ಕೂಗ್ತಾರ. ಕೂಗ್ಲಿ, ನಂದೇನೂ ತಕರಾರಿಲ್ಲ. ನನ್ನ ನಾಲಗಿ ಮಾತ್ರ ಹಳೇ ಕಾಲದ್ದು, ಅದು ಹೇಳಿದ ಮಾತು ಕೇಳೂದಿಲ್ಲ. ನಮ್ಮ ಕಾಲದಾಗ ಹೆಂಗಸಿನ ಬಾಯಾಗ ಗಂಡನ ಹೆಸರು ಬರೂದು ಒಡಪು ಹೇಳೂ ಹೊತ್ತಿನ್ಯಾಗ ಅಷ್ಟ. ಮದುವ್ಯಾಗೋ ಬಸುರಿ ಹೆಣ್ಣಿನ ಕುಬಸದಾಗೋ ಹೆಣ್ಣಮಕ್ಕಳೆಲ್ಲಾ ಬಾಗಲಾ ಅಡ್ಡಗಟ್ಟಿ, "ಹೆಸರು ಹೇಳಿದ್ರ ಒಳಗ ಬಿಡ್ತೇವಿ" ಅಂತ ಗಂಟು ಬೀಳೋರು. ಆಗ ಪ್ರಾಸ ಕೂಡಿಸಿ ಎರಡು-ಮೂರು ಸಾಲು ಹೇಳಿ, ಕಡೀ ಸಾಲಿನ್ಯಾಗ ಗಂಡನ ಹೆಸರು ಸೇರಿಸಿ, ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಒಳಗ ಓಡೂದು. ಅಂಥಾ ಒಡಪಿನಿಂದ ನಾ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಜಗತ್ತಿನ ಇತಿಹಾಸ ಕಲ್ತೆ ಅಂದ್ರ ನನ್ನ ಮೊಮ್ಮಕ್ಕಳು ಹೊಟ್ಟಿ ಹಿಡ್ಕೊಂಡು ನಗ್ತಾರ. ನಗ್ಲಿ. ಅವರಿಗೆ ಅಕ್ಷರ ತಿದ್ದಿಸಿದಾಕಿನೂ ನಾನ.

ನಾ ಹುಟ್ಟಿದ್ದು ಬೇವೂರಾಗ. ನಮ್ಮಪ್ಪ ಅಲ್ಲಿ ಸಾಲಿ ಮಾಸ್ತರ. ಗಂಡ ಹುಡುಗರ ಸಾಲ್ಯಾಗ ಹಿಂದಿನ ಮೂಲ್ಯಾಗ ಒಂದು ಚಾಪಿ ಹಾಸಿ ನನ್ನ ಕೂಡ್ಸಿ, ಊರವರು ಏನಂದ್ರೂ ಕಿವಿಗೆ ಹಾಕ್ಕೊಳ್ಳದ ಐದನೇ ಇಯತ್ತೆ ಮುಗಿಯೂತನಕ ಓದಿಸಿದ. ಆಮ್ಯಾಲ ಲಗ್ನ ಮಾಡಿ ಇಳಕಲ್ಲಿಗೆ ಕೊಟ್ಟ. ಅದು ನೇಕಾರರ ಮನಿ. ಪಡಸಾಲ್ಯಾಗ ಎರಡು ಕುಣಿಮಗ್ಗ. ಒಂದರಾಗ ಮಾವ ಕೂಡೋರು, ಇನ್ನೊಂದರಾಗ ಹಿರೇ ಭಾವ. ಮುಂಜಾನಿಂದ ದೀಪ ಹಚ್ಚೂತನಕ ಮಗ್ಗದ ಸಪ್ಪಳ ನಿಲ್ಲತಿದ್ದಿಲ್ಲ. ಮೊದಲ ತಿಂಗಳು ನನಗ ತಲಿ ಚಿಟ್ಟ ಹಿಡೀತು. ಆಮ್ಯಾಲ ಆ ಸಪ್ಪಳ ಇಲ್ದಿದ್ರ ನಿದ್ದಿ ಬರದಂಗ ಆತು.

ನಮ್ಮವರು ಆ ಮನಿಯ ಎರಡನೇ ಮಗ. ಆ ಓಣ್ಯಾಗ ಮಗ್ಗ ಬಿಟ್ಟು ಪುಸ್ತಕ ಹಿಡದು ಮಾಸ್ತರ ಆದವರು ಅವರೊಬ್ಬರ. ನಮ್ಮತ್ತಿಗೆ ಅದು ಹೆಮ್ಮಿನೂ ಹೌದು, ಸಿಟ್ಟೂ ಹೌದು. "ನೇಯಾಕ ಬರೂದಿಲ್ಲ ಅಂತ ಓದಿದ" ಅಂತ ಬಂದವರ ಮುಂದ ಹೇಳಾಕಿ. ನಮ್ಮತ್ತಿ ಅಂದ್ರ ಗಿಡ್ಡ ಆಳು, ದೊಡ್ಡ ದನಿ, ಹಣಿ ತುಂಬ ವಿಭೂತಿ. ಆಕಿ ಎದುರಿಗೆ ನಾ "ಅತ್ತ್ಯಾರ" ಅಂತ ಬಹುವಚನ ಹಚ್ಚಿ ಮಾತಾಡ್ತಿದ್ದೆ. ಮನಸಿನ್ಯಾಗ ಮಾತ್ರ ಆಕಿ ಯಾವತ್ತೂ ಆಕೀನ. ಒಡಪು ಕಟ್ಟೂದರಾಗ ಆಕಿನ್ನ ಸೋಲಿಸೋರು ಇಡೀ ಇಳಕಲ್ಲಿನ್ಯಾಗ ಇದ್ದಿಲ್ಲ. ಲಗ್ನದ ಮನಿಯವರು ಅಕ್ಕಿ-ಬ್ಯಾಳಿ ತರೂಕಿಂತ ಮೊದಲ ಬಂದು ಆಕೀಗೆ ವೀಳ್ಯ ಕೊಟ್ಟು ಹೋಗೋರು, ಮದುಮಗಳಿಗೆ ನಾಕು ಒಡಪು ಕಟ್ಟಿಕೊಡ್ರಿ ಅಂತ.

ಲಗ್ನ ಆಗಿ ಎರಡು ವರ್ಷಕ್ಕ ನಮ್ಮವರಿಗೆ ಬಾದಾಮಿಗೆ ಬದಲಿ ಆತು. ಆಗಿನ ಪದ್ಧತಿ ಹೇಳ್ತೇನಿ ಕೇಳ್ರಿ. ಮಗ ಚಾಕರಿ ಅಂತ ಎಲ್ಲಿಗೇ ಹೋಗ್ಲಿ, ಸೊಸಿ ಅತ್ತಿ ಮನ್ಯಾಗ ಇರಬೇಕು. ಅಂವ ಹಬ್ಬಕ್ಕೊಮ್ಮೆ ಬಂದು ಹೋಗಬೇಕು. ಗಂಡನ ಸಂಗಾಟ ನಾನೂ ಹೋಗ್ತೇನಿ ಅಂತ ಸೊಸಿ ಬಾಯಿ ಬಿಟ್ಟಳೋ, ಮುಗೀತು. "ಮನಿ ಒಡದ್ಳು, ಬ್ಯಾರಿ ಆದ್ಳು" ಅಂತ ಓಣಿ ತುಂಬ ಡಂಗುರ. ಗಂಡ ತಾನ ಕೇಳಿದ್ರ ಅದಕ್ಕಿಂತ ಮರ್ಯಾದಿಗೇಡು. ಹಿಂಗಾಗಿ ಬದಲಿ ಸುದ್ದಿ ಬಂದ ದಿನ ಎಲ್ಲಾರೂ ಊಟ ಮಾಡಿದ್ರು, ನಾನೂ ಮಾಡಿದೆ. ನನಗ ಅವರಂದ್ರ ಜೀವ. ಹೇಳಾಕ ಈಗ ಏನೂ ನಾಚಿಕಿಲ್ಲ, ಆಗ ಹೇಳೂ ಹಂಗಿದ್ದಿಲ್ಲ.

ಮರುದಿನ ನಾ ಹಿತ್ತಲದಾಗ ಭಾಂಡಿ ತೊಳೀವಾಗ ಅವರು ಕಾಲು ತೊಳಿಯೂ ನೆವ ಮಾಡ್ಕೊಂಡು ಬಂದ್ರು. ಮಾರಿ ಆ ಕಡೆ ತಿರುಗಿಸಿಕೊಂಡು, ಗ್ವಾಡಿಗೆ ಹೇಳಿದಂಗ ಹೇಳಿದ್ರು:

"ಬಾದಾಮ್ಯಾಗ ಹೆಣ್ಣಮಕ್ಕಳ ಸಾಲಿ ಐತಿ. ಕಲಿಸಾಕ ಹೆಂಗಸು ಸಿಕ್ಕಿಲ್ಲ. ದಿಪೋಟಿ ಸಾಹೇಬರು ಸಂಕ್ರಾಂತಿ ಆದ ಮ್ಯಾಲ ಹುನಗುಂದಕ್ಕ ಬರ್ತಾರ, ಬಾಯಿಪರೀಕ್ಷಾ ತೊಗೊಳ್ತಾರ. ಪಾಸಾದ್ರ ನಿನಗ ಅಲ್ಲೇ ನೌಕರಿ. ಸರಕಾರದ ಹುಕುಮು ಬಂದ್ರ ಯಾರು ಏನಂತಾರ?"

ದಿಪೋಟಿ ಸಾಹೇಬರು ಅಂದ್ರ ಸಾಲಿ ತಪಾಸು ಮಾಡೋ ದೊಡ್ಡ ಅಧಿಕಾರಿ. ಅವರ ಹೆಸರು ಕೇಳಿದ್ರ ಮಾಸ್ತರ ಮಂದಿಗೇ ಬೆವರು ಬರ್ತಿತ್ತು. ಆದ್ರೂ ಕೈಯಾಗಿನ ತಾಟು ತೊಳೀತಾನ, "ಹೂಂ" ಅಂದೆ.

ಅತ್ತಿಗೆ ಹೇಳೂದು ಅವರ ಪಾಲಿಗೆ ಬಂತು. "ಯವ್ವಾ, ಸರಕಾರದವರು ಹೆಣ್ಣ ಮಾಸ್ತರು ಬೇಕಂತಾರ" ಅಂತ ಶುರು ಮಾಡಿ, ಗಂಟಲು ಕೆಮ್ಮಿ, ಉಗುಳು ನುಂಗಿ, ಬಾದಾಮಿ ಹೆಸರು ಎತ್ತದ ಹೆಂಗೋ ಮುಗಿಸಿದ್ರು. ನಾ ಬಾಗಲ ಹಿಂದ ಕಿವಿ ಕೊಟ್ಟು ನಿಂತಿದ್ದೆ. ಅತ್ತಿ ಒಂದು ಅಡಕಿ ಕಡಕೊಂಡು ಸಾವಕಾಶ ಬಾಯಾಗ ಹಾಕ್ಕೊಂಡ್ಳು.

"ಓದ್ಲಿ. ಕಂಡಿಕಿ ಸುತ್ತೂದು ಮಾತ್ರ ನಿಲ್ಲಬಾರ್ದು" ಅಂದ್ಳು. ಕಂಡಿಕಿ ಅಂದ್ರ ಲಾಳಿಯೊಳಗ ಇಡೂ ನೂಲಿನ ಉಂಡಿ, ರಾಟಿ ತಿರುವಿ ಸುತ್ತೂದು. ಅದು ಆ ಮನ್ಯಾಗ ನಮ್ಮ ಹೆಂಗಸರ ಕೆಲಸ.

ಮುಂದಿನ ಹದಿನೈದು ದಿನ ನನ್ನ ಬಾಳಿನ್ಯಾಗ ಹಬ್ಬ. ಹಗಲ ಹೊತ್ತಿನ್ಯಾಗ ಗಂಡ-ಹೆಂಡ್ತಿ ಎದುರ ಕುಂತು ಮಾತಾಡೂ ಪದ್ಧತಿ ಇದ್ದಿದ್ದಿಲ್ಲ ನೋಡ್ರಿ. ಈಗ ಪುಸ್ತಕ ನಡುವ ಇಟ್ಕೊಂಡು ಕುಂತ್ರ ಯಾರೂ ಏನೂ ಅನ್ನೋ ಹಂಗಿಲ್ಲ! ಅವರು "ಸಾಮ್ರಾಜ್ಯ ಅಂದ್ರೇನು?" ಅನ್ನೋರು. ನಾ, "ಒಬ್ಬ ರಾಜ ತನ್ನ ನಾಡಿನ ಸಂಗಾಟ ಬ್ಯಾರೆ ನಾಡುಗಳನ್ನೂ ಗೆದ್ದು ಆಳೂದು" ಅನ್ನಾಕಿ. ಅವರು "ಭೇಷ್" ಅನ್ನೋರು. ಅಷ್ಟ ನೋಡ್ರಿ ಮಾತು. ಆದ್ರ ಅವರು ಭೇಷ್ ಅಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಿದ್ವಿ. ಸಾಮ್ರಾಜ್ಯದ ಹೆಸರು ಮ್ಯಾಲ ನಾವು ಎಷ್ಟು ನಕ್ಕೇವಿ, ಆ ರಾಜರಿಗೆ ಗೊತ್ತಿಲ್ಲ.

ಆಮ್ಯಾಲ ಅವರು ಬಾದಾಮಿಗೆ ಹೋದ್ರು. ಪುಸ್ತಕ ಉಳೀತು, ಕಲಿಸೋರು ಹೋದ್ರು. ಪುಸ್ತಕದ ಹಿಂದ ಕಠಿಣ ಶಬ್ದ ಸಾಲಾಗಿ ಇದ್ವು. ಏಕಾಧಿಪತ್ಯ, ಪ್ರಜಾಪ್ರಭುತ್ವ, ಭಾಂಡವಲ, ಶ್ರಮವಿಭಾಗ, ಒಪ್ಪಂದ, ರಾಜ್ಯಕ್ರಾಂತಿ, ವಸಾಹತು. ಅವರು ಎದುರಿಗಿದ್ದಾಗ ಪಟಪಟ ಬರ್ತಿದ್ವು. ಅವರು ಹೋದ ಮ್ಯಾಲ ಒಂದೂ ತಲ್ಯಾಗ ನಿಲ್ಲವಲ್ವು. ಮುಂಜಾನಿ ಬಾಯಿಪಾಠ ಮಾಡಿದ್ದು ಮಧ್ಯಾಹ್ನ ರಾಟಿ ತಿರುಗಿಸೂದ್ರಾಗ ಹಾರಿ ಹೋಗಿರ್ತಿತ್ತು. ಪುಸ್ತಕ ಒಗದು ಅತ್ತುಬಿಡಬೇಕು ಅನ್ನಿಸ್ತಿತ್ತು. ಒಮ್ಮೆ ಒಗದೆನೂ. ಆಮ್ಯಾಲ ನಾನ ಹೋಗಿ ತಂದೆ.

ಒಂದಿನ ಮಧ್ಯಾಹ್ನ ಅತ್ತಿ, ಹಿರೇ ಸೊಸಿ ಅಂದ್ರ ನನ್ನ ನೆಗೆಣ್ಣಿ, ನಾನು, ಮೂವರೂ ರಾಟಿ ಮುಂದ ಕುಂತಿದ್ವಿ. ನಾ ಬಾಯೊಳಗ ಬಡಬಡ ಮಾಡ್ತಿದ್ದೆ.

"ಏನದು ಬುಸುಬುಸು? ನನಗೇನರ ಮಾಟ ಮಾಡಾಕತ್ತೀಯೇನ?" ಅಂದ್ಳು ಅತ್ತಿ.

"ಇಲ್ರಿ ಅತ್ತ್ಯಾರ. ಪರೀಕ್ಷಾದ ಶಬ್ದ."

"ಒಂದು ಹೇಳು, ಕೇಳೂಣು."

"ಏಕಾಧಿಪತ್ಯ."

"ಹಂಗಂದ್ರ?"

"ಎಲ್ಲಾ ಅಧಿಕಾರ ಒಬ್ಬರ ಕೈಯಾಗ ಇರೂದ್ರಿ. ಅವರು ಹೇಳಿದ್ದ ಹೇಳಿದ್ದು. ಯಾರೂ ಎದುರು ಮಾತಾಡೂ ಹಂಗಿಲ್ಲ."

ಅತ್ತಿ ರಾಟಿ ನಿಂತಿತು. "ಎಲಾ! ನನ್ನ ಮ್ಯಾಲೂ ಪುಸ್ತಕ ಬರದಾರಲ್ಲ!"

ನೆಗೆಣ್ಣಿ ನಗು ತಡೀಲಾರದ ಎದ್ದು ಅಡಗಿ ಮನಿಗೆ ಓಡಿದ್ಳು. ನಾ ತಲಿ ತಗ್ಗಿಸಿದೆ, ಮಾರಿ ಸೊಟ್ಟ ಆತು, ಕಡೀಕೆ ನನಗೂ ತಡೀಲಿಲ್ಲ. ಅತ್ತಿನೂ ನಕ್ಕಳು. ನಕ್ಕು ಮುಗಿಸಿ ಕಣ್ಣು ಒರಸ್ಕೊಂಡು, "ಯಾಕ ನೆನಪು ಉಳೀವಲ್ವು?" ಅಂತ ಕೇಳಿದ್ಳು.

"ಗೊತ್ತಿಲ್ರಿ."

"ಲಗ್ನದಾಗ ನೀ ಹೇಳಿದ ಒಡಪು ಮರ್ತೀಯೇನ?"

"ಇಲ್ರಿ."

"ಯಾಕ ಮರ್ತಿಲ್ಲ? ಕಡೀ ಸಾಲಿನ್ಯಾಗ ನನ್ನ ಮಗ ಕುಂತಾನ, ಅದಕ್ಕ. ಈ ಶಬ್ದಕ್ಕೂ ಅವನ್ನ ಕಾವಲು ಕೂಡ್ಸು. ಯಾವದೂ ತಪ್ಪಿಸಿಕೊಂಡು ಹೋಗೂದಿಲ್ಲ."

ಹಿಂಗ ಶುರುವಾತು ನೋಡ್ರಿ ನನ್ನ ಖರೇ ಸಾಲಿ. ನಾ ಶಬ್ದದ ಅರ್ಥ ಹೇಳಬೇಕು, ಆಕಿ ರಾಟಿ ತಿರುವುತ್ತ ತಿರುವುತ್ತ ಒಡಪು ಕಟ್ಟಬೇಕು. ಭಾಂಡವಲ, ಈಗಿನವರು ಬಂಡವಾಳ ಅಂತಾರಲ್ಲ, ಅದಕ್ಕ ಕಟ್ಟಿದ್ದು ಹಿಂಗ:

"ಮಗ್ಗ ನೂಲು ಮೊದಲ ಬೇಕು, ಸೀರಿ ನೇಯೂದು ಆಮ್ಯಾಲ,
ಗಳಿಸಾಕ ಮೊದಲ ಹಾಕೂದಕ್ಕ ಹೆಸರು ಭಾಂಡವಲ,
ರಾಯರ ಹೆಸರ ಹೇಳತೇನಿ ಸೆರಗ ಹೊತ್ತು ತಲಿ ಮ್ಯಾಲ."

ಆ "ರಾಯರು" ಅನ್ನೋ ಜಾಗಾದಾಗ ಖರೇ ಹೆಸರು ಬರ್ತಿತ್ತು. ಇಲ್ಲಿ ಬರಿಯೂದಿಲ್ಲ, ನೀವ ತಿಳ್ಕೊಳ್ರಿ. ಒಪ್ಪಂದಕ್ಕ ಬ್ಯಾರೆ:

"ಕಾದಾಡಿದ ರಾಜರು ಕುಂತು ಬರದಾರ ಕಾಗದ,
ಯುದ್ಧ ನಿಲ್ಲಿಸೂ ಮಾತಿಗೆ ಅಂತಾರ ಒಪ್ಪಂದ,
ರಾಯರ ಹೆಸರ ಹೇಳಾಕ ನನಗ ಭಾಳ ಆನಂದ."

ಎಲ್ಲಾ ಸರಳ ಬರ್ತಿದ್ದಿಲ್ಲ ಮತ್ತ. ಶ್ರಮವಿಭಾಗದ ಅರ್ಥ ಹೇಳಿದಾಗ, ಒಂದ ವಸ್ತು ಮಾಡಾಕ ಒಬ್ಬೊಬ್ಬರು ಒಂದೊಂದು ಕೆಲಸ ಹಂಚಿಕೊಳ್ಳೂದು ಅಂದಾಗ, "ಹಂಗಾರ ಮನ್ಯಾಗ ಕುಂತು ಬರೇ ಉಣ್ಣೋರಿಗೆ ಏನಂತಾರ, ಅದನ್ನೂ ಬರದಾರೇನ?" ಅಂತ ಪಡಸಾಲಿಗೆ ಕೇಳೂ ಹಂಗ ಅಂದ್ಳು. ಅಲ್ಲಿ ಹಿರೇ ಭಾವ ಮಗ್ಗ ನಿಲ್ಲಿಸಿ ತಂಬಾಕು ತಿಕ್ಕಾಕತ್ತಿದ್ರು. ಲಗೂನ ಲಾಳಿ ಹಿಡದ್ರು.

ರಾಜ್ಯಕ್ರಾಂತಿ ಬಂದ ದಿನ ದೊಡ್ಡ ಗದ್ದಲ. ಫ್ರಾನ್ಸ ದೇಶದಾಗ ಮಂದಿ ಎದ್ದು ರಾಜಂದೂ ರಾಣೀದೂ ತಲಿ ಹಾರಿಸಿದ್ರು ಅಂತ ನಾ ಹೇಳಿದೆ. ಅತ್ತಿ ಎದಿ ಮ್ಯಾಲ ಕೈ ಇಟ್ಕೊಂಡ್ಳು.

"ಅಯ್ಯ ಶಿವನೇ! ಮಕ್ಕಳಿದ್ವೇನ ಆಕಿಗೆ?"

"ಇದ್ವಂತ್ರಿ."

"ಮನ್ಯಾಗ ಹಿರ್ಯಾರು ಯಾರೂ ಇದ್ದಿಲ್ಲೇನ? ಅತ್ತಿ ಒಬ್ಬಾಕಿ ಇದ್ದಿದ್ರ ಬುದ್ಧಿ ಹೇಳ್ತಿದ್ಳು. ಹಿಂಗ ಮಾಡಬ್ಯಾಡ, ಮಂದಿ ಹಸದಾರ ಅಂತಿದ್ಳು." ಅವತ್ತು ಸಂಜೀತನಕ ಆಕಿಗೆ ಅದ ಚಿಂತಿ. ತಲಿ ಹಾರಿಸಿದ ಮಾತಿನ ಸಂಗಾಟ ಮಗನ ಹೆಸರು ಕೂಡ್ಸೂದು ಅಪಶಕುನ ಅಂತ ಒಡಪು ಕಟ್ಟಾಕ ಒಪ್ಪಲಿಲ್ಲ. ನಾ ಗೋಗರದ ಮ್ಯಾಲ, ತಲಿ ಮಾತು ಬಿಟ್ಟು, ಹಳೇ ಪದ್ಧತಿ ಕೆಡವಿ ಹೊಸದು ಕಟ್ಟಿದ್ರು ಅಂತ ಮೆತ್ತಗ ಮಾಡಿ ಕಟ್ಟಿಕೊಟ್ಟಳು.

ಹಿಂಗ ಒಂದೊಂದ ಮುಗಿಸಿಕೊಂತ ವಸಾಹತು ಅನ್ನೋ ಶಬ್ದಕ್ಕ ಬಂದ್ವಿ. ನಾ ಪುಸ್ತಕದಾಗ ಇದ್ದಂಗ ಓದಿದೆ. ತಾವು ಹುಟ್ಟಿದ ದೇಶ ಬಿಟ್ಟು ಬ್ಯಾರೆ ಕಡೆ ಹೋಗಿ ಮನಿ ಮಾರು ಕಟ್ಟಿಕೊಂಡು ನೆಲಸೂದು, ಆದ್ರ ಆಳಿಕಿ ಮೂಲ ದೇಶದ್ದ ಇರೂದು.

ಅತ್ತಿ ರಾಟಿ ನಿಲ್ಲಿಸಿ, ಹರಿದ ಎಳಿ ಹುಡುಕಿ ಗಂಟು ಹಾಕಿದ್ಳು.

"ಅದು ಬ್ಯಾಡ. ಮುಂದಿಂದು ಹೇಳು" ಅಂದ್ಳು.

ಇಕಿಗೆ ಎಲ್ಲಾ ತಿಳದೈತಿ ಅಂತ ಅವತ್ತ ಗೊತ್ತಾತು. ನಾ ಯಾಕ ಓದಾಕತ್ತೇನಿ, ಯಾರ ಹಂತ್ಯಾಕ ಹೋಗಾಕ ಓದಾಕತ್ತೇನಿ, ಎಲ್ಲಾ. ನಾಳಿಂದ ಪುಸ್ತಕ ಮುಚ್ಚಿಡು ಅಂತಾಳ ಅಂತ ಕಾದೆ. ಮರುದಿನ ಮಧ್ಯಾಹ್ನ ರಾಟಿ ಮುಂದ ಕುಂತು, "ಏನ ಸುಮ್ನ ಕುಂತೀದಿ? ಶಬ್ದ ಮುಗದುವೇನ?" ಅಂತ ಆಕೀನ ಗದರಿದ್ಳು. ಆಕಿ ಮನಸ್ಸಿನ್ಯಾಗ ಏನೈತಿ ಅಂತ ನನಗ ಬಗಿಹರೀಲಿಲ್ಲ. ಕೇಳೂ ಧೈರ್ಯನೂ ಇದ್ದಿಲ್ಲ.

ಪರೀಕ್ಷಾದ ಹಿಂದಿನ ದಿನ ನಮ್ಮವರು ಬಾಗಲಕೋಟಿ ಮ್ಯಾಲಿಂದ ಬಂದ್ರು. ಬರೂ ದಾರ್ಯಾಗ ಅಮೀನಗಡದಾಗ ಇಳದು ಕರದಂಟು ತಂದಿದ್ರು. ಪದ್ಧತಿ ಪ್ರಕಾರ ಪುಡಿಕಿ ಸೀದಾ ತಾಯಿ ಕೈಗೆ ಹೋತು. ಆಕಿ ಎಲ್ಲಾರಿಗೂ ಹಂಚಿ, ನನಗ ಕೊಡುವಾಗ ಮಾತ್ರ ಎರಡು ತುಂಡು ಕೊಟ್ಟಳು. "ನಾಳೆ ಬಾಯಿಗೆ ಭಾಳ ಕೆಲಸ ಐತಿ" ಅಂದ್ಳು.

ಹುನಗುಂದಕ್ಕ ಚಕ್ಕಡಿ ಕಟ್ಟಿಕೊಂಡು ಹೋದ್ವಿ. ಅತ್ತಿನೂ ಬಂದ್ಳು. ಹರೇದ ಸೊಸಿನ್ನ ಸಾಹೇಬರ ಮುಂದ ಒಬ್ಬಾಕಿನ್ನ ಹೆಂಗ ನಿಲ್ಲಸೂದು? ಸಾಲಿ ಪಡಸಾಲ್ಯಾಗ ಕಿಡಕಿ ಕೆಳಗ ಆಕಿ ಕುಂತ್ಳು. ನಮ್ಮವರು ಬೇವಿನ ಗಿಡದ ಕೆಳಗ ತಲಿಗೆ ಸುತ್ತಿದ ರುಮಾಲು ಸರಿ ಮಾಡ್ಕೊಂತ ನಿಂತ್ರು. ಸರಿ ಇದ್ದ ರುಮಾಲನ್ನ ಎಷ್ಟು ಸಲ ಸರಿ ಮಾಡಿದ್ರೋ.

ದಿಪೋಟಿ ಸಾಹೇಬರು ಧಾರವಾಡದ ಕಡೆಯವರು. ವಯಸ್ಸಾದವರು. ಕಣ್ಣಿಗೆ ಚಾಳೀಸು ಹಾಕ್ಕೊಂಡು ಮೇಜಿನ ಹಿಂದ ಕುಂತಿದ್ರು. ನಾ ಸೆರಗು ಹಣಿತನಕ ಎಳಕೊಂಡು ನಿಂತೆ. ಓದಿಸಿದ್ರು, ಬರೆಸಿದ್ರು, ಲೆಕ್ಕಾ ಕೇಳಿದ್ರು. ಎಲ್ಲಾ ಛಲೋ ಆತು. ಆಮ್ಯಾಲ ಅಂದ್ರು:

"ಹೇಳು ತಂಗಿ, ಪ್ರಜಾಪ್ರಭುತ್ವ ಅಂದ್ರೇನು?"

ನನಗ ಹಿಗ್ಗು. ಇದು ಬರ್ತೈತಿ! ಬಾಯಿ ತಗದೆ ನೋಡ್ರಿ, ಮಾತು ಪ್ರಾಸ ಹಿಡದು ಹೊಂಟ ಬಿಟ್ಟಿತು:

"ಎಲ್ಲಾ ಮಂದಿ ಕೂಡಿ ಆರಿಸ್ತಾರ ತಮ್ಮ ಧಣಿ,
ಪ್ರಜಾಪ್ರಭುತ್ವ ಅಂತಾರ ಅದಕ್ಕ, ಕೇಳ ಜಾಣಿ,
ರಾಯರ ಹೆಸರ ಹೇಳತೇನಿ, ನಾ ಅವರ ರಾಣಿ!"

ಹೆಸರು ಸುದ್ದಾ ಬಂತು. ಖರೇ ಹೆಸರು, ಪೂರ್ತಿ ಹೆಸರು, ಸಾಲಿ ತುಂಬ ಕೇಳೂ ಹಂಗ. ಅಷ್ಟರಾಗ ಹೊರಗ ಕಿಡಕಿ ಕೆಳಗಿಂದ, ರೂಢಿ ಬಲದಿಂದ, "ಭೇಷ್ ನನ್ನ ಮಗಳ!" ಅಂತ ಅತ್ತಿ ದನಿ. ಬೇವಿನ ಗಿಡದ ಕೆಳಗ ನಮ್ಮವರು ಯಾರೋ ಕರದ್ರು ಅಂತ ಎರಡು ಹೆಜ್ಜಿ ಮುಂದ ಬಂದು, ವಿಷಯ ತಿಳದು, ಗಿಡದ ಹಿಂದ ಹೋಗಿ ನಿಂತ್ರು.

ನೆಲ ಬಿರದು ನನ್ನ ನುಂಗಬಾರ್ದಾ ಅನ್ನಿಸಿತು. ಹಿಂಗಾಗ್ತೈತಿ ಅಂತ ಮನ್ಯಾಗ ನನಗೂ ಹೊಳದಿದ್ದಿಲ್ಲ, ಅತ್ತಿಗೂ ಹೊಳದಿದ್ದಿಲ್ಲ. ಒಡಪು ಶುರು ಮಾಡಿದ್ರ ಹೆಸರು ಬರಲಿಕ್ಕೇ ಬೇಕು, ನಡುವ ನಿಲ್ಲಿಸಿ ಅಭ್ಯಾಸ ಇಲ್ಲ.

ಸಾಹೇಬರು ಚಾಳೀಸು ತಗದು ನನ್ನ ನೋಡಿದ್ರು. "ಇದು ಲಗ್ನದ ಮನಿ ಅಲ್ಲ ತಂಗಿ, ಪರೀಕ್ಷಾ. ಇರ್ಲಿ. ಭಾಂಡವಲ ಅಂದ್ರೇನು?"

ಈ ಸಲ ಹೆಸರು ಬರಗೊಡಬಾರ್ದು ಅಂತ ಹಲ್ಲು ಕಚ್ಚಿ ಶುರು ಮಾಡಿದೆ. ಮಗ್ಗ ಬಂತು, ನೂಲು ಬಂತು, ಸೀರಿ ಬಂತು. ಹಿಂದಿಂದ ಹೆಸರೂ ಬಂತು. ಸಾಹೇಬರು ಕೈವಸ್ತ್ರ ತಗದು ಬಾಯಿಗೆ ಹಿಡ್ಕೊಂಡು ಕೆಮ್ಮಿದ್ರು. ಅದು ಕೆಮ್ಮಲ್ಲ ಅಂತ ನನಗ ತಿಳೀತು, ಆದ್ರ ನನಗ ನಗು ಬರೂ ಪರಿಸ್ಥಿತಿ ಇದ್ದಿಲ್ಲ. ಕಣ್ಣಾಗ ನೀರು ತುಂಬಿತ್ತು.

"ಅರ್ಥ ತಪ್ಪಿಲ್ಲ" ಅಂದ್ರು ಅವರು. "ಆದ್ರ ಯೋಚನಿ ಮಾಡು. ನೀ ಸಾಲ್ಯಾಗ ಹಿಂಗ ಕಲಿಸಿದ್ರ, ಬಾದಾಮಿ ಹುಡುಗ್ಯಾರೆಲ್ಲಾ ಮನಿಗೆ ಹೋಗಿ ನಿನ್ನ ಗಂಡನ ಹೆಸರು ಒದರ್ತಾವ. ಅವರ ತಂದಿ-ತಾಯಿ ನನಗ ಏನಂದಾರು? ಒಂದ ಶಬ್ದ, ಒಂದರ ಶಬ್ದ ಗಂಡನ್ನ ಬಿಟ್ಟು ಹೇಳು. ಹೇಳಿದ್ರ ಪಾಸು. ಇಲ್ದಿದ್ರ ಮುಂದಿನ ವರ್ಷ ನೋಡೂಣು."

ಮುಂದಿನ ವರ್ಷ! ಅಷ್ಟೊತ್ತಿಗೆ ಬಾದಾಮಿ ಜಾಗಾಕ್ಕ ಯಾರೋ ಬಂದಿರ್ತಾರ. ನನಗ ಹಬ್ಬಕ್ಕೊಮ್ಮೆ ಗಂಡ, ಅಷ್ಟ. ಸಾಹೇಬರು ಪುಸ್ತಕದ ಮ್ಯಾಲ ಬೆರಳು ಆಡಿಸಿ ಒಂದು ಕಡೆ ನಿಲ್ಲಿಸಿದ್ರು.

"ವಸಾಹತು ಅಂದ್ರೇನು?"

ಒಡಪಿಲ್ಲದ ಶಬ್ದ ಅದೊಂದ ಇತ್ತು. ಹಿಡ್ಕೊಳ್ಳಾಕ ಪ್ರಾಸ ಇಲ್ಲ, ಕಾವಲಿಗೆ ಗಂಡ ಇಲ್ಲ. ನಾ ನೆಲಾ ನೋಡ್ಕೊಂತ ಸಾವಕಾಶ ಹೇಳಿದೆ.

"ಹುಟ್ಟಿದ ದೇಶ ಬಿಟ್ಟು ಬ್ಯಾರೆ ಕಡೆ ಹೋಗಿ ಮನಿ ಕಟ್ಟಿಕೊಂಡು ನೆಲಸೂದ್ರಿ. ಆಳಿಕಿ ಮಾತ್ರ ಮೂಲ ದೇಶದ್ದ ಇರ್ತೈತ್ರಿ. ಅಮೇರಿಕಾ ಮೊದಲು ಇಂಗ್ಲಂಡದ ವಸಾಹತು ಇತ್ರಿ."

"ಆಮ್ಯಾಲ?"

"ಬ್ಯಾರಿ ಆತ್ರಿ."

"ಯಾಕ?"

ಪುಸ್ತಕದಾಗ ಕರ ಹೇರಿದ್ರು ಅಂತ ಇತ್ತು. ಅದನ್ನ ಹೇಳಿದೆ. ಅಷ್ಟಕ್ಕ ಬಾಯಿ ಮುಚ್ಚಬೇಕಿತ್ತು. ನನ್ನ ಬಾಯಿ ನಿಮಗ ಗೊತ್ತಲ್ಲ.

"ಅಷ್ಟ ಅಲ್ರಿ. ದೂರ ಹೋದವರಿಗೂ ಒಂದು ಮನಸ್ಸಿರ್ತೈತಿ, ಅವರಿಗೇನು ಬೇಕು ಅಂತ ಕೇಳಬೇಕಲ್ರಿ? ಮೂಲ ಮನಿಯವರು ಪ್ರೀತಿಲೆ ನಡಕೊಂಡಿದ್ರ ಯಾರು ಯಾಕ ಬ್ಯಾರಿ ಆಗ್ತಾರ್ರಿ? ಎಲ್ಲಿದ್ರೂ ಇದು ನಮ್ಮ ಮನಿ ಅಂತಾರ."

ಸಾಹೇಬರು ಬಾಗಲ ಕಡೆ ಒಮ್ಮೆ ನೋಡಿದ್ರು. ಇಂಗ್ಲಂಡದ ರಾಜನ ಚಾಕರಿ ಮಾಡೋ ಮನುಷ್ಯನ ಮುಂದ ನಾ ಏನು ಮಾತಾಡಿದೆ ಅಂತ ನನಗ ಆಗ ಹೊಳೀಲೇ ಇಲ್ಲ. ನನ್ನ ತಲ್ಯಾಗ ಇದ್ದದ್ದು ಇಳಕಲ್ಲಿನ ಮನಿ ಒಂದ.

"ಸಾಕು, ಸಾಕು. ಇದನ್ನ ಸಾಲ್ಯಾಗ ಇಷ್ಟು ಉದ್ದ ಕಲಿಸಬ್ಯಾಡ" ಅಂದ್ರು. ಏನೋ ಬರಕೊಂಡ್ರು. ಬರಕೊಂಡು, "ಪಾಸು" ಅಂದ್ರು.

ಚಕ್ಕಡ್ಯಾಗ ತಿರುಗಿ ಬರುವಾಗ ನಮ್ಮವರು ಮುಂದ ಕುಂತು ಸುಮ್ಮಸುಮ್ಮನ ನಗೋರು, ಎತ್ತಿನ ಬಾಲ ತಿರುವೋರು. ಅತ್ತಿ ದಾರಿ ನೋಡ್ಕೊಂತ ಕುಂತ್ಳು. ಕಿಡಕಿ ಕೆಳಗ ಕುಂತಾಕಿ ಎಲ್ಲಾ ಕೇಳಿದ್ಳು. ಮೂಲ ಮನಿ ಅಂತ ನಾ ಅಂದಿದ್ದು ಯಾರಿಗೆ ಅಂತ ಆಕಿಗೆ ಬಿಡಿಸಿ ಹೇಳಬೇಕೇನ? ಗೆದ್ದ ಖುಷಿ ಅರ್ಧ, ಅಂಜಿಕಿ ಅರ್ಧ, ಹಂಗ ಮನಿ ಮುಟ್ಟಿದೆ.

ಹುಕುಮು ಬರಾಕ ಒಂದು ತಿಂಗಳು ಹಿಡೀತು. ಓಣಿ ಹೆಂಗಸರು ಒಬ್ಬೊಬ್ಬರ ಬಂದು ಮೂಗು ಮುರದ್ರು. "ಅಂತೂ ಸಣ್ಣ ಸೊಸಿ ಬ್ಯಾರಿ ಆದ್ಳನ್ರಿ" ಅಂದ್ರು. ಅತ್ತಿ ಅವರಿಗೆ ಕೊಟ್ಟ ಉತ್ತರ ಒಂದ: "ಬ್ಯಾರಿ ಯಾಕ ಆಗ್ತಾಳ? ಸರಕಾರ ಕೇಳೇತಿ, ನಾ ಕಳಸಾಕತ್ತೇನಿ." ನಾ ಕಳಸಾಕತ್ತೇನಿ ಅನ್ನೋದನ್ನ ಒತ್ತಿ ಹೇಳಾಕಿ.

ಹೊರಡೂ ದಿನ ಮುಂಜಾನಿ ಅತ್ತಿ ಅಡಗಿ ಮನ್ಯಾಗ ಖಡಕ್ ರೊಟ್ಟಿ ಅರಿವ್ಯಾಗ ಕಟ್ಟಾಕತ್ತಿದ್ಳು. ಬ್ಯಾರೆ ಯಾರೂ ಇದ್ದಿಲ್ಲ. ನಾ ಹಂತ್ಯಾಕ ಹೋಗಿ ಕುಂತೆ. ಈಗ ಕೇಳದಿದ್ರ ಮುಂದ ಕೇಳೂದಾಗೂದಿಲ್ಲ ಅನ್ನಿಸಿತು.

"ಅತ್ತ್ಯಾರ, ನಿಮಗ ಗೊತ್ತಿತ್ತೇನ್ರಿ?"

"ಏನು?"

"ನಾ ಯಾಕ ಓದಾಕತ್ತೇನಿ ಅಂತ."

"ಗೊತ್ತಾಗದ ಏನು? ಕಣ್ಣು ಮುಚ್ಚಿಕೊಂಡು ಮುದುಕಿ ಆಗೀನೇನ ನಾ?"

"ಮತ್ತ ಯಾಕ ಕಲಿಸಿದ್ರಿ?"

ಆಕಿ ರೊಟ್ಟಿ ಮ್ಯಾಲ ರೊಟ್ಟಿ ಇಡೂದು ಬಿಡಲಿಲ್ಲ. ದನಿ ಮಾತ್ರ ತಗ್ಗಿತು. ಆಕಿ ಅಷ್ಟು ಸಣ್ಣ ದನ್ಯಾಗ ಮಾತಾಡಿದ್ದು ನಾ ಕೇಳಿದ್ದು ಅದ ಮೊದಲು.

"ನಿಮ್ಮ ಮಾವ ಹರೇದಾಗ ಸೊಲ್ಲಾಪುರದ ಗಿರಣಿಗೆ ಹೋದ್ರು. ಆಗ ಇಲ್ಲಿ ಮಗ್ಗ ನಡೀತಿದ್ದಿಲ್ಲ. ದೀಪಾವಳಿಗೊಮ್ಮೆ ಬರೋರು, ಹೋಗೋರು. ನಮ್ಮತ್ತಿ ನೀನೂ ಹೋಗು ಅನ್ನಲಿಲ್ಲ, ನಾನೂ ಹೋಗ್ತೇನಿ ಅನ್ನಲಿಲ್ಲ. ಮಕ್ಕಳಾದ್ವು, ಬೆಳದ್ವು. ಎಷ್ಟೋ ವರ್ಷ ಆದ ಮ್ಯಾಲ ಗಿರಣಿ ಬಿಟ್ಟು ಬಂದ್ರು. ತಲಿ ಬೆಳ್ಳಗಾಗಿತ್ತು. ಅವತ್ತು ಮಧ್ಯಾಹ್ನ ಎಲ್ಲಾರೂ ಉಂಡು ಹೊರಗ ಹೋಗಿದ್ರು, ನಾವಿಬ್ಬರ ಕುಂತ್ವಿ. ಅವರು ಬಂದ ಮ್ಯಾಲ ಹೇಳಬೇಕಂತ ನಾ ಎಷ್ಟ ಮಾತು ಕೂಡಿಟ್ಟಿದ್ದೆ, ಏನು ಹೇಳ್ಲಿ ನಿನಗ. ಒಂದೂ ನೆನಪಾಗಲಿಲ್ಲ. ಅವರೂ ಸುಮ್ನ ಕುಂತ್ರು. ಕಡೀಕೆ ‘ಬಿಸಲು ಭಾಳ ಐತಿ’ ಅಂದ್ರು. ‘ಹೌದ್ರಿ’ ಅಂದೆ."

ಅರಿವಿ ನಾಕೂ ಚುಂಗು ಕೂಡಿಸಿ ಗಂಟು ಹಾಕಿದ್ಳು.

"ಇವತ್ತಿಗೂ ನಾವು ಅಷ್ಟ ಮಾತಾಡ್ತೇವಿ. ನೀವು ಹಂಗ ಆಗಬ್ಯಾಡ್ರಿ. ಮಾತು ಇರೂತನಕ ಕೂಡಿ ಇರ್ರಿ."

ನನಗ ತಡೀಲಾಗಲಿಲ್ಲ. ಆಕಿ ತೊಡಿ ಮ್ಯಾಲ, ಆ ಗಂಟಿನ ಮ್ಯಾಲ ಮಾರಿ ಇಟ್ಟು ಹುಚ್ಚರಂಗ ಅತ್ತೆ. ಆಕಿ ನನ್ನ ತಲಿ ಮ್ಯಾಲ ಕೈ ಆಡಿಸಿದ್ಳು. ಹೊರಗ ಚಕ್ಕಡಿ ಕಟ್ಟಿ ನಮ್ಮವರು ಕರಿಯಾಕತ್ತಿದ್ರು.

"ಏಳು, ಖೋಡಿ" ಅಂದ್ಳು ಅತ್ತಿ. "ಅತ್ತು ಅತ್ತು ರೊಟ್ಟಿ ತೊಯ್ಸಬ್ಯಾಡ. ದಾರಿಗೆ ಇಬ್ಬರಿಗೂ ಅದ ಬುತ್ತಿ."